ಜೀನಿನ ಬಕಲ್

ರೇಸಿನ ಕುದುರೆಗಳಿಗೆ ಜೀನು ಹೊಲಿದೇ ಮುದುಕರಾದ ಜಬ್ಬಾರ್ ಸಾಬರು ಈಗ ಗೇಣುದ್ದದ ಆಟದ ಕುದುರೆಗಳಿಗೆ ಹೊಲಿಯುತ್ತಿದ್ದರು. ಇವು ಒದೆಯುವುದಿಲ್ಲ ಎನ್ನುವುದೇ ಅವರಿಗೆ ದೊಡ್ಡ ಸಮಾಧಾನ.

ಯುಗಾದಿಗೆ ಮಗಳ ಜೊತೆ ಬಂದು ಜೀನು ಮಾಡಿಸಿಕೊಂಡು ಹೋಗಿದ್ದ ಹೆಂಗಸು ಈ ಸಲ ಒಬ್ಬಳೇ ಬಂದಳು.

“ಈ ಜೀನಿಗೆ ಬಕಲ್ ಸ್ವಲ್ಪ ದೊಡ್ಡದು ಹಾಕಿಕೊಡಿ, ಸಾಬ್ರೇ.”

“ಅಂದ ಕೆಡ್ತದಮ್ಮ. ನಾನು ಮೊದ್ಲು ದೊಡ್ಡದೇ ಹಾಕಿದ್ದೆ. ಕುದುರೆಯೇ ನಗ್ತದೆ ಅಂತ ಬದಲು ಮಾಡಿಸಿದ್ದು ನಿಮ್ಮ ಮಗಳೇ ಅಲ್ವಾ?”

“ಹೌದು. ಆದ್ರೆ ಈ ಚಿಕ್ಕದು ನನ್ನ ಬೆರಳಿಗೆ ಸಿಗಲ್ಲ.”

“ನಿಮಗ್ಯಾಕೆ ಸಿಗಬೇಕು? ಬಿಚ್ಚೋದು, ಹಾಕೋದು ಎಲ್ಲ ಅವಳದ್ದು ತಾನೇ?”

ಹೆಂಗಸು ಪುಟ್ಟ ಜೀನನ್ನು ಸೆರಗಿನಲ್ಲಿ ಒರೆಸಿ ಅವರ ಮುಂದಿಟ್ಟಳು.

“ರಾತ್ರಿ ಜೀನು ಬಿಚ್ಚದಿದ್ರೆ ಕುದುರೆಗೆ ಬೆನ್ನು ನೋಯತ್ತಂತೆ. ಮರೀಬೇಡಮ್ಮ ಅಂತ ಆಸ್ಪತ್ರೆಯಲ್ಲಿ ಹೇಳಿ ಹೋದ್ಲು.”