ಸೊಟ್ಟ ಮೂತಿಯ ಪಾತ್ರೆ

ಹಾಲಿನ ಪಾತ್ರೆಯ ಹಿಡಿ ಬೆಳಿಗ್ಗೆ ಕಳಚಿ ಬಿದ್ದದ್ದೇ ನೆಪ, ಅತ್ತೆ ಸೊಸೆ ಇಬ್ಬರೂ ಪಾತ್ರೆ ಅಂಗಡಿಯಲ್ಲಿ ನಿಂತಿದ್ದರು. ನೀರು ಬಗ್ಗಿಸಿ ನೋಡದೆ ಅತ್ತೆ ಯಾವ ಪಾತ್ರೆಯನ್ನೂ ಕೊಂಡವರಲ್ಲ. ಅಂಗಡಿಯವನು ಗೊಣಗುತ್ತಲೇ ಒಂದು ಚೊಂಬು ನೀರು, ಲೋಟ, ಕೆಳಗಿಡಲು ಒಂದು ತಟ್ಟೆ ತಂದಿಟ್ಟ.

ಹೊಸ ಪಾತ್ರೆ ಅತ್ತೆಯ ಕೈಯಲ್ಲಿ ಹನಿಯೂ ಚೆಲ್ಲದೆ ಬಗ್ಗಿತು. "ಎಲ್ಲಿ, ನೀನೂ ನೋಡು. ದಿನಾ ಬಗ್ಗಿಸೋಳು ನೀನು ತಾನೆ?" ಎಂದರು.

ಸೊಸೆ ಪಾತ್ರೆಯ ಹಿಡಿಯನ್ನು ಎಡಗೈಯಲ್ಲಿ ಹಿಡಿದಳು. ಅವಳು ಎಡಚಿ. ಎಂಟು ವರ್ಷದಿಂದ ಅವಳು ಬಗ್ಗಿಸಿದ ಹಾಲು ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ. "ಪಾತ್ರೆಯೇ ಸರಿಯಿಲ್ಲ ಅತ್ತೆ" ಎಂದು ಒಮ್ಮೆ ಬಾಯಿಬಿಟ್ಟು ಕೆಟ್ಟಿದ್ದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಗಾದೆ ಅಂದಿನಿಂದ ದಿನಕ್ಕೆರಡು ಸಲ ತಪ್ಪಿದ್ದಿಲ್ಲ. ಮನೆಯಲ್ಲಾದರೆ ಸರಿ, ಈಗ ಊರವರ ಎದುರೂ ಕೇಳಬೇಕಲ್ಲ ಎಂದು ಅವಳಿಗೆ ಅಳುವೇ ಬಂತು. ಬಗ್ಗಿಸಿದಳು. ನೀರು ಅಂಚಿನಗುಂಟ ಜಾರಿ ತಟ್ಟೆಯ ಪಾಲಾಯಿತು.

"ನೋಡಿದ್ರಾ? ಕುಣಿಯಲಾರದವಳು..." ಅತ್ತೆ ಶುರುಮಾಡಿಯೇಬಿಟ್ಟರು.

"ತಡೀರಿ ಅಮ್ಮ," ಎಂದು ಅಂಗಡಿಯವನು ಅಟ್ಟದ ಮೂಲೆಯಿಂದ ಧೂಳು ಹಿಡಿದ ಪಾತ್ರೆಯೊಂದನ್ನು ಎಳೆದ. "ಎಲ್ಲಾ ಪಾತ್ರೆಗೂ ಮೂತಿ ಹಿಡಿಯ ಎಡಕ್ಕೆ, ಬಲಗೈಯವರಿಗೆ ಅಂತಾನೇ ಇಟ್ಟಿರ್ತಾರೆ. ಯಾವನೋ ಪುಣ್ಯಾತ್ಮ ಇದಕ್ಕೆ ಮಾತ್ರ ಬಲಕ್ಕೆ ಬಡಿದು ಕಳಿಸಿದಾನೆ. ಮೂರು ವರ್ಷದಿಂದ ಕೇಳೋರಿಲ್ಲ. ತಗೋಳಮ್ಮ, ಇದರಲ್ಲಿ ಬಗ್ಗಿಸು."

ನೀರು ನೂಲು ಹಿಡಿದಂತೆ ನೆಟ್ಟಗೆ ಇಳಿದು ಲೋಟ ತುಂಬಿತು. ತಟ್ಟೆಗೆ ಒಂದು ಹನಿಯೂ ಬೀಳಲಿಲ್ಲ. ಅತ್ತೆ ಲೋಟವನ್ನೊಮ್ಮೆ, ಸೊಸೆಯ ಎಡಗೈಯನ್ನೊಮ್ಮೆ ನೋಡಿದರು.

"ಇದನ್ನೇ ಕಟ್ಟಿ," ಎಂದರು.

ಸಂಜೆ ಅತ್ತೆ ತಾವೇ ಮುಂದಾಗಿ ಹೊಸ ಪಾತ್ರೆಯಲ್ಲಿ ಹಾಲು ಕಾಯಿಸಿ, ಬಲಗೈಯಲ್ಲಿ ಬಗ್ಗಿಸಿದರು. ಅರ್ಧ ಲೋಟಕ್ಕೆ, ಅರ್ಧ ಕಟ್ಟೆಗೆ. ಎಂಟು ವರ್ಷದ ರೂಢಿ, ಸೊಸೆಯ ಕೈ ತಾನಾಗಿ ಒರೆಸುವ ಬಟ್ಟೆಯತ್ತ ಹೋಯಿತು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಲೆ ತಗ್ಗಿಸಿ ಕಟ್ಟೆ ಒರೆಸತೊಡಗಿದರು.

"ನೆಲ ಡೊಂಕೇ ಇತ್ತು ಕಣೇ," ಎಂದರು.