ಗುಂಡು ಗುರುತಿಸುವ ಕೈ

ಸತ್ತವರ ಮಿದುಳಿನಿಂದ ತೆಗೆದ ಗುಂಡು, ಅದನ್ನು ಹಾರಿಸಿದ ಕೈಗೆ ತಾಗಿದರೆ ಮಾತ್ರ ಕಾದ ಕೆಂಡವಾಗುತ್ತದೆಂಬುದು ಮಕ್ಕಳಿಗೂ ಗೊತ್ತು. ಡಾಕ್ಟರು ಎಂದಿನಂತೆ ಅದನ್ನು ಮೊದಲು ಹೆಣದ ಅಂಗೈಗಳಲ್ಲೇ ಇಟ್ಟು ನೋಡಿದರು. ಫಕೀರಪ್ಪ ತಾನೇ ಹೊಡೆದುಕೊಂಡು ಸತ್ತನೆಂದು ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡಿತ್ತು. ಅವನ ಹೆಂಡತಿ ಶಂಕ್ರವ್ವ ಹೆಣದ ಪಕ್ಕದಲ್ಲೇ ನಿಂತಿದ್ದಳು.

"ತಣ್ಣಗೈತಿ," ಎಂದರು ಡಾಕ್ಟರು.

"ನಾ ಮೊದಲ ಹೇಳಲಿಲ್ಲೇನ್ರಿ! ನನ್ ಗಂಡ ಹೇಡಿ ಅಲ್ಲ!" ಶವಾಗಾರ ನಡುಗುವಂತೆ ಕೂಗಿದ ಶಂಕ್ರವ್ವ, ಗುಂಡನ್ನು ಕಸಿದುಕೊಂಡು, ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ ಮೈದುನನ ಎದುರು ಹಿಡಿದಳು. "ತಗೋ ಭರಮಾ, ಈಗ ಮನೀ ಮಂದಿ ಸರದಿ."

ಭರಮಪ್ಪ ಅಳು ನಿಲ್ಲಿಸಿ ಎಡಗೈ ಚಾಚಿದ.

"ಗುಡಿಯಾಗ ತೀರ್ಥಕ್ಕೂ ಎಡಗೈ ಒಡ್ತೀಯೇನೋ ಮೂಳಾ? ಬಲಗೈ ತೆಗಿ!" ಶಂಕ್ರವ್ವ ಗದರಿದಳು.

ಬಲಗೈ ಬೆನ್ನ ಹಿಂದಿನಿಂದ ಬರಲೇ ಇಲ್ಲ. ಮೂಲೆಯಲ್ಲಿ ಕೂತು ನೋಡುತ್ತಿದ್ದ ಪೊಲೀಸಿನವನು ಎದ್ದು ಬಾಗಿಲ ಚಿಲಕ ಹಾಕಿದ.