ಕೆಂಪು ದಾರದ ಬಾಟಲಿ

“ನಿಜ ಹೇಳಯ್ಯ, ಈ ಕಾಯಿಲೆ ಸೂಜಿ ಚುಚ್ಚಿ ಬಂತೋ, ಇಲ್ಲ ಯಾವಳ ಹತ್ರನೋ ಹೋಗಿ ತಂದ್ಯೋ?” ಪರಿಹಾರ ಕಚೇರಿಯ ಗುಮಾಸ್ತ ಹೀಗೆ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ಆಸ್ಪತ್ರೆಯ ಬಟ್ಟೆ ಒಗೆಯುವವನಿಗೆ ಅವನ ಕೆನ್ನೆಗೆ ಬಾರಿಸಲು ಕೈ ತುರಿಸಿತು. ಆದರೆ ಅರ್ಜಿಗೆ ಅದೇ ಗುಮಾಸ್ತನ ಸೀಲು ಬೀಳದೆ ಔಷಧಿಯಿಲ್ಲ. ಪಕ್ಕದಲ್ಲೇ ಹೆಂಡತಿ ಬೇರೆ ನಿಂತಿದ್ದಳು.

ಕೊಳೆ ಹಾಸಿಗೆಬಟ್ಟೆಯಲ್ಲಿ ಯಾರೋ ಬಿಟ್ಟಿದ್ದ ಸೂಜಿ ಚುಚ್ಚಿ ಐದು ತಿಂಗಳಾಗಿತ್ತು. ರಕ್ತದಲ್ಲಿ ಹೆಪಟೈಟಿಸ್ ಇದೆಯೆಂದು ತಿಳಿದಂದಿನಿಂದ, ಇದು ಎಂಜಲಿನಿಂದ ಹರಡದು ಎಂದು ಡಾಕ್ಟರು ಹೇಳಿದರೂ ಕೇಳದೆ, ಸೋಂಕಿನ ಬಟ್ಟೆಗಂಟಿಗೆ ಕಟ್ಟುವ ಕೆಂಪು ದಾರವನ್ನೇ ತನ್ನ ನೀರಿನ ಬಾಟಲಿಗೂ ಕಟ್ಟಿ, ಮನೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಹೆಂಡತಿ ಆ ಬಾಟಲಿಯನ್ನು ಕಿತ್ತುಕೊಂಡು, ದಾರ ಬಿಚ್ಚಿ ಬಿಸಾಕಿ, ಎಲ್ಲರೆದುರೇ ಬಾಯಿಗಿಟ್ಟು ಗಟಗಟ ಕುಡಿದಳು. “ಚುಚ್ಚಿದ ದಿನ ತೆಗೆದ ರಕ್ತದಲ್ಲಿ ಏನೂ ಇರ್ಲಿಲ್ಲ, ಕಾಯಿಲೆ ಬಂದಿದ್ದು ಆಮೇಲೇ ಅಂತ ಚೀಟಿಗಳಲ್ಲೇ ಇದೆ ಸಾರ್. ಓದಿ ಸೀಲು ಹಾಕಿ. ನನ್ನ ಗಂಡನ್ನ ಬಯ್ಯೋಕೆ ನಾನೊಬ್ಬಳು ಸಾಕು.”

ನಗು ನಿಂತಿತು. ಗುಮಾಸ್ತ ಚೀಟಿಗಳನ್ನು ಓದಿ ಸೀಲು ಒತ್ತಿ, “ತಮಾಷೆಗಂದೆ ಕಣಯ್ಯ, ಬೇಜಾರಾಯ್ತಾ?” ಎಂದ. ಅವಳು ಉಳಿಸಿದ್ದ ನೀರನ್ನು ಗಂಡ ಕೊನೆಯ ಹನಿಯವರೆಗೂ ಕುಡಿದು, ಅವಳ ಹಿಂದೆಯೇ ಹೊರಟ.